ಮೂಗು ಮುಚ್ಚದೆ

ನಮ್ಮೂರಿಗೆ ವಿಸ್ಕಿ ಬಂದದ್ದು 2007ರಲ್ಲಿ. ಅದಕ್ಕೆ ಮುಂಚೆ ಅದು ಸಿನಿಮಾದವರ ಪಾನೀಯವಾಗಿತ್ತು. ಖಳನಾಯಕರು, ಎಸ್ಟೇಟ್ ಮಾಲೀಕರು, ಪ್ರೇಮದಲ್ಲಿ ಸೋತ ಹೀರೋಗಳು ಕುಡಿಯುತ್ತಿದ್ದರು. ಮಂಡ್ಯ ಸೀಮೆಯ ನಮ್ಮಂಥ ಊರುಗಳಲ್ಲಿ ಗಂಡಸರು ಕುಡಿಯುತ್ತಿದ್ದದ್ದು ಪ್ಯಾಕೆಟ್ ಸಾರಾಯಿ. ಹಲ್ಲಿನಲ್ಲಿ ಮೂಲೆ ಕಚ್ಚಿ ಹರಿದರೆ ಮುಗಿಯಿತು, ಲೋಟವೂ ಬೇಕಿರಲಿಲ್ಲ. ಆ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ನನಗಾಗ ಹತ್ತು ವರ್ಷ. ನಮ್ಮ ಬೀದಿಯ ಹೆಂಗಸರ ಮುಖದಲ್ಲಿ ಹಬ್ಬದ ಕಳೆ ಇತ್ತು. "ಇನ್ಮೇಲಾದ್ರೂ ಮನೆಗಳು ನೆಟ್ಟಗಾಯ್ತವೆ ಬುಡು" ಎಂದು ಅವ್ವ ಪಕ್ಕದ ಮನೆಯ ದೊಡ್ಡವ್ವನಿಗೆ ಹೇಳಿದ್ದಳು.

ತಿಂಗಳೊಳಗೆ ಅಪ್ಪ ಕ್ವಾಟ್ರಿಗೆ ಬಡ್ತಿ ಪಡೆದ. 180 ಎಂಎಲ್‌ನ ಚಪ್ಪಟೆ ಬಾಟಲಿ, ಅದರ ಮೇಲೆ ಇಂಗ್ಲಿಷಿನಲ್ಲಿ ಚಿನ್ನದ ಬಣ್ಣದ ಅಕ್ಷರ. "ನಾನೇನು ಸಾರಾಯಿ ಕುಡುಕನಾ? ವಿಸ್ಕಿ ಕಣಮ್ಮಿ ಇದು, ವಿಸ್ಕಿ!" ಎಂದು ಅವ್ವನ ಮುಖದ ಮುಂದೆ ಬಾಟಲಿ ಹಿಡಿದು ತೋರಿಸಿದ. ಅದು ಸಾರಾಯಿಗಿಂತ ತುಟ್ಟಿ. ಅಷ್ಟು ದುಡ್ಡು ಮನೆಯಿಂದ ಹೆಚ್ಚಿಗೆ ಹೋಯಿತು, ಅಷ್ಟೇ. ಸರ್ಕಾರ ಕಿತ್ತುಹಾಕಿದ್ದು ಒಂದು ಹೆಸರನ್ನು. ಚಟ ಇನ್ನೊಂದು ಹೆಸರಿನಲ್ಲಿ ಅದೇ ಜಗಲಿಯ ಮೇಲೆ ಕೂತಿತ್ತು.

ಆ ಬಾಟಲಿಯಲ್ಲಿ ಇದ್ದದ್ದೇನು ಎಂದು ನನಗೆ ಗೊತ್ತಾದದ್ದು ಕೆಮಿಸ್ಟ್ರಿ ಓದತೊಡಗಿದ ಮೇಲೆ. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದಾದ ನಂತರ ಉಳಿಯುವ ಕಪ್ಪು ಅಂಟೇ ಕಾಕಂಬಿ. ಅದನ್ನು ಹುದುಗಿಸಿ, ಎತ್ತರದ ಕಾಲಮ್ಮುಗಳಲ್ಲಿ ಬಟ್ಟಿ ಇಳಿಸಿದರೆ ಬಣ್ಣವಿಲ್ಲದ, ಹೆಚ್ಚುಕಡಿಮೆ ವಾಸನೆಯೂ ಇಲ್ಲದ ಸ್ಪಿರಿಟ್ ಸಿಗುತ್ತದೆ. ಅದಕ್ಕೆ ನೀರು, ಕ್ಯಾರಮೆಲ್ ಬಣ್ಣ, ಸುವಾಸನೆ, ಕೆಲವೊಮ್ಮೆ ಒಂದಿಷ್ಟು ಮಾಲ್ಟ್ ಸ್ಪಿರಿಟ್ ಸೇರಿಸಿ ಭಾರತದಲ್ಲಿ ವಿಸ್ಕಿ ಎಂದು ಮಾರಬಹುದು. ಯುರೋಪಿನಲ್ಲಿ ಹಾಗೆ ಮಾರುವಂತಿಲ್ಲ. ಅಲ್ಲಿ ವಿಸ್ಕಿ ಎನ್ನಿಸಿಕೊಳ್ಳಬೇಕಾದರೆ ಧಾನ್ಯದಿಂದಲೇ ಬಂದಿರಬೇಕು. ಅಂದರೆ ನಾವೇ ಬೆಳೆದು, ಕಡಿದು, ಗಾಡಿಗೆ ತುಂಬಿ ಕಳಿಸಿದಂಥ ಕಬ್ಬೇ ಊರೆಲ್ಲ ಸುತ್ತಿ, ಇಂಗ್ಲಿಷ್ ಹೆಸರು ಹೊತ್ತು, ತಿರುಗಿ ನಮ್ಮ ಜಗಲಿಗೆ ಬರುತ್ತಿತ್ತು. ಈ ವಿಷಯ ಅಪ್ಪನಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದನೇನೋ. ಹೇಳುವಷ್ಟು ದಿನ ಅವನು ಇರಲಿಲ್ಲ. ನಾನು ಎರಡನೇ ಪಿಯುಸಿಯಲ್ಲಿದ್ದಾಗ ಲಿವರ್ ಹೋಗಿ ತೀರಿಕೊಂಡ. ನಲವತ್ತಾರು ವರ್ಷ.

ಈಗ ನಾನಿರುವುದು ಗ್ಲಾಸ್ಗೋದಲ್ಲಿ. ಪಿಎಚ್‌.ಡಿ.ಯ ನಾಲ್ಕನೇ ವರ್ಷ. ಕೆಲಸ ಲಿಗ್ನಿನ್ ಎಂಬ ವಸ್ತುವಿನ ಮೇಲೆ. ಗಿಡಮರಗಳು ನೆಟ್ಟಗೆ ನಿಲ್ಲುವುದು ಇದರಿಂದ. ಕಬ್ಬಿನ ಸಿಪ್ಪೆಯಲ್ಲಿರುವ ಲಿಗ್ನಿನ್ ಅನ್ನು ಒಡೆದು ಬೇರೆ ಉಪಯುಕ್ತ ರಾಸಾಯನಿಕಗಳನ್ನು ಮಾಡಬಹುದೇ ಎನ್ನುವುದು ನನ್ನ ಪ್ರಶ್ನೆ. ಕಬ್ಬು ಬಿಟ್ಟು ಓಡಿಬಂದವಳ ಬೆನ್ನಿಗೆ ಸಿಪ್ಪೆಯಾದರೂ ಅಂಟಿಕೊಂಡು ಬಂತು ಎಂದು ನಾನೇ ತಮಾಷೆ ಮಾಡಿಕೊಳ್ಳುತ್ತೇನೆ. ಹೊರಡುವಾಗ ಅವ್ವ ಚಳಿಗೆ ಕಿವಿ ಮುಚ್ಚಿಕೋ, ದನದ ಮಾಂಸ ನೋಡಿಕೊಂಡು ತಿನ್ನು ಎಂದೆಲ್ಲ ಹೇಳಿದಳು. ಕುಡಿಯಬೇಡ ಎಂದು ಮಾತ್ರ ಹೇಳಲಿಲ್ಲ. ಹೆಣ್ಣುಮಗಳೊಬ್ಬಳು ಕುಡಿದಾಳು ಎಂಬುದು ಅವಳ ಕಲ್ಪನೆಯ ಸರಹದ್ದಿನಲ್ಲೇ ಇರಲಿಲ್ಲ.

ಮೂರು ವರ್ಷ ನಾನೂ ಮುಟ್ಟಲಿಲ್ಲ. ವ್ರತವೇನೂ ಆಗಿರಲಿಲ್ಲ, ಪಬ್ಬಿನ ಬಾಗಿಲು ತೆರೆದರೆ ಬರುವ ವಾಸನೆಗೆ ಹೊಟ್ಟೆಯೊಳಗೆ ಏನೋ ಮುದುಡಿಕೊಳ್ಳುತ್ತಿತ್ತು. ಆ ಮುದುಡುವಿಕೆಯನ್ನು ಮೊದಲು ಸಡಿಲಿಸಿದ್ದು ರುಚಿಯಲ್ಲ, ಒಂದು ಪ್ರವಾಸ. ಪ್ರಯೋಗಾಲಯದವರೆಲ್ಲ ಒಂದು ವಾರಾಂತ್ಯ ಸ್ಪೇಸೈಡ್‌ಗೆ ಹೊರಟರು. ಉತ್ತರ ಸ್ಕಾಟ್ಲೆಂಡಿನಲ್ಲಿ ಸ್ಪೇ ನದಿಯ ಆಸುಪಾಸಿನ ಸೀಮೆ ಅದು. ದೇಶದ ಡಿಸ್ಟಿಲರಿಗಳಲ್ಲಿ ದೊಡ್ಡ ಪಾಲು ಅಲ್ಲೇ ಇವೆ. ಮರದ ಲಿಗ್ನಿನ್ ಮೇಲೆ ಕೆಲಸ ಮಾಡುವವರು ಓಕ್ ಪೀಪಾಯಿ ನೋಡದೆ ಇರುವುದುಂಟೇ ಎಂದು ನನ್ನ ಗೈಡ್ ಕೇಳಿದರು. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಾಲ್ಕು ವರ್ಷವಾದರೂ ನನಗೆ ನಾಲಿಗೆ ಹೊರಳುವುದಿಲ್ಲ, ಮನಸ್ಸಿನೊಳಗೆ ಅವರು ಮೇಡಂ ಆಗಿಯೇ ಉಳಿದಿದ್ದಾರೆ.

ನಾವು ಹೋದದ್ದು ಗ್ಲೆನ್‌ಫಾರ್ಕ್ಲಾಸ್‌ಗೆ. ಬೆನ್ ರಿನಿಸ್ ಎಂಬ ಬೆಟ್ಟದ ಬುಡದಲ್ಲಿದೆ. 1836ರಲ್ಲಿ ಪರವಾನಗಿ ಪಡೆದದ್ದು. 1865ರಲ್ಲಿ ಜಾನ್ ಗ್ರಾಂಟ್ ಎಂಬ ರೈತ ಅದನ್ನು 511 ಪೌಂಡು 19 ಶಿಲಿಂಗಿಗೆ ಕೊಂಡ. ಇವತ್ತಿಗೂ ಅದೇ ಕುಟುಂಬದ ಕೈಯಲ್ಲಿದೆ. ಅಲ್ಲಿ ಕೇಳಿದ ನಿಯಮಗಳು ಸರಳ, ಆದರೆ ಬಿಗಿ. ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿ, ನೀರು ಮತ್ತು ಯೀಸ್ಟ್ ಮಾತ್ರ ಬಳಸಿ, ತಾಮ್ರದ ಹಂಡೆಗಳಲ್ಲಿ ಬಟ್ಟಿ ಇಳಿಸಿದ್ದು. ಸ್ಕಾಚ್ ಎನ್ನಿಸಿಕೊಳ್ಳಬೇಕಾದರೆ 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನಲ್ಲೇ, ಕನಿಷ್ಠ 3 ವರ್ಷ ಇರಬೇಕು. ಬಾಟಲಿಗೆ ತುಂಬುವಾಗ ಆಲ್ಕೋಹಾಲ್ ಶೇ. 40ಕ್ಕಿಂತ ಕಡಿಮೆ ಇರಬಾರದು. ಬಾಟಲಿಯ ಮೇಲೆ 25 ಎಂದು ಬರೆದಿದ್ದರೆ, ಅದರೊಳಗಿನ ಅತಿ ಕಿರಿಯ ಹನಿಗೂ 25 ತುಂಬಿರಬೇಕು. ಹಿರಿಯರನ್ನು ತೋರಿಸಿ ಕಿರಿಯರನ್ನು ದಾಟಿಸುವಂತಿಲ್ಲ.

ಬಾರ್ಲಿಯ ಕೋಣೆ, ಹುದುಗುವ ತೊಟ್ಟಿ ಎಲ್ಲ ದಾಟಿ ಹಂಡೆಗಳ ಮುಂದೆ ಬಂದಾಗ ನಾನು ನಿಂತುಬಿಟ್ಟೆ. ಈಗ ಬಹುತೇಕ ಕಡೆ ಹಂಡೆಗಳನ್ನು ಹಬೆಯಿಂದ ಕಾಯಿಸುತ್ತಾರೆ. ಇಲ್ಲಿ ಇನ್ನೂ ನೇರ ಬೆಂಕಿ, ಗ್ಯಾಸಿನ ಉರಿ. ಒಮ್ಮೆ ಹಬೆಯನ್ನೂ ಪರೀಕ್ಷಿಸಿ ನೋಡಿದರಂತೆ, ಸ್ಪಿರಿಟ್‌ನ ಮೈ ತೆಳುವಾಯಿತೆಂದು ಬೆಂಕಿಗೇ ಮರಳಿದರಂತೆ. ನೇರ ಬೆಂಕಿ ಎಂದಮೇಲೆ ತಳ ಹಿಡಿಯುತ್ತದಲ್ಲ? ಅದಕ್ಕಾಗಿ ಹಂಡೆಯೊಳಗೆ ತಾಮ್ರದ ಸರಪಳಿಯ ಬಲೆಯೊಂದು ಸದಾ ತಳ ಕೆರೆಯುತ್ತ ಸುತ್ತುತ್ತದೆ. ಸೀದರೆ ಇಡೀ ಪಾಕ ಕೆಟ್ಟಿತು.

ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ದೊಡ್ಡಪ್ಪ ಆಲೆಮನೆ ನಡೆಸುತ್ತಿದ್ದ. ಗಾಣದಿಂದ ಬಂದ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಉದ್ದ ಹಿಡಿಯ ಹುಟ್ಟು ಹಿಡಿದು ತಳ ಕೆದಕುತ್ತ ನಿಲ್ಲುವವನ ಕೆಲಸ ಬೇರೆಲ್ಲರ ಕೆಲಸಕ್ಕಿಂತ ದೊಡ್ಡದು. ಉರಿ ಒಂದು ಪಟ್ಟು ಹೆಚ್ಚಾದರೆ ಬೆಲ್ಲ ಕಪ್ಪು, ಕಡಿಮೆಯಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಪಾಕ ಬಂತೇ ಎಂದು ದೊಡ್ಡಪ್ಪ ಕಣ್ಣಿನಲ್ಲಿ ನೋಡುವುದಕ್ಕಿಂತ ಮುಂಚೆ ಮೂಗಿನಲ್ಲಿ ತಿಳಿಯುತ್ತಿದ್ದ. "ಇಳಿಸ್ರೋ" ಎನ್ನುತ್ತಿದ್ದ, ಅಷ್ಟೇ. ಮೂಗು ಎನ್ನುವುದು ಒಂದು ವಿದ್ಯೆ ಎಂದು ನಾನು ನೋಡಿದ್ದು ಅಲ್ಲಿ. ಅದೇ ವಿದ್ಯೆಯನ್ನು ಮತ್ತೆ ನೋಡಿದ್ದು ಈ ಹಂಡೆಗಳ ಮುಂದೆ. ಬಟ್ಟಿಯ ಮೊದಲ ಭಾಗ ಘಾಟು, ಕೊನೆಯ ಭಾಗ ಎಣ್ಣೆಯ ಕಮಟು. ಎರಡನ್ನೂ ಬದಿಗಿಟ್ಟು ನಡುವಿನದನ್ನು ಮಾತ್ರ ಪೀಪಾಯಿಗೆ ಕಳಿಸುತ್ತಾರೆ. ಎಲ್ಲಿ ಕತ್ತರಿಸಬೇಕು ಎನ್ನುವುದೇ ಆ ಮನೆಯ ಗುಟ್ಟು.

ಪೀಪಾಯಿಗಳ ಉಗ್ರಾಣ ತಗ್ಗು ಮಾಡಿನ ಕಲ್ಲಿನ ಕಟ್ಟಡ. ನೆಲ ಬರೀ ಮಣ್ಣು. ಹೊರಗೋಡೆಗಳಿಗೆಲ್ಲ ಮಸಿ ಬಳಿದಂತೆ ಕಪ್ಪು. ಪಕ್ಕದ ಮರಗಳ ಕಾಂಡವೂ ಹಾಗೇ. ಅದು ಬೂಷ್ಟು. ಪೀಪಾಯಿಯಿಂದ ಆವಿಯಾಗಿ ಹೋಗುವ ಆಲ್ಕೋಹಾಲನ್ನು ಉಂಡು ಬೆಳೆಯುವ ಈ ಶಿಲೀಂಧ್ರಕ್ಕೆ ಬೌಡೋನಿಯಾ ಎಂದು ಹೆಸರು. ಹೀಗೆ ಆವಿಯಾಗುವ ಭಾಗವನ್ನು ಇಲ್ಲಿಯವರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ನಾನು ಅಲ್ಲೇ ನಿಂತು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ವರ್ಷಕ್ಕೆ 2ರಂತೆ 25 ವರ್ಷವಾದರೆ ನೂರು ಲೀಟರಿನಲ್ಲಿ ಉಳಿಯುವುದು ಅರವತ್ತರ ಆಸುಪಾಸು.

ಈ ಲೆಕ್ಕಕ್ಕೆ ನಮ್ಮ ಕಡೆಯ ಇನ್ನೊಂದು ಮುಖ ಇದೆ. ಮಂಡ್ಯದಿಂದ ಹಳೇ ಮೈಸೂರು ರಸ್ತೆ ಹಿಡಿದು ಬೆಂಗಳೂರಿಗೆ ಹೋಗುವ ಬಸ್ಸು ಕೆಂಗೇರಿಗೆ ಮುಂಚೆ ಕಂಬಿಪುರ ದಾಟುತ್ತದೆ. ಅಲ್ಲಿ ಅಮೃತ್ ಡಿಸ್ಟಿಲರಿ ಇದೆ. 1948ರಲ್ಲಿ ಶುರುವಾದ ಕಂಪನಿ. ಭಾರತದ ಬಾರ್ಲಿಯಿಂದ ತಾನು ಮಾಡಿದ ಸಿಂಗಲ್ ಮಾಲ್ಟನ್ನು ಅದು ಮೊದಲು ಮಾರುಕಟ್ಟೆಗೆ ಬಿಟ್ಟದ್ದು ಬೆಂಗಳೂರಿನಲ್ಲಲ್ಲ, 2004ರಲ್ಲಿ, ಈಗ ನಾನಿರುವ ಇದೇ ಗ್ಲಾಸ್ಗೋದಲ್ಲಿ. 2010ರ ಹೊತ್ತಿಗೆ ಜಿಮ್ ಮರ್ರೇ ಎಂಬ ವಿಮರ್ಶಕ ತನ್ನ ವಾರ್ಷಿಕ ಪುಸ್ತಕದಲ್ಲಿ ಅವರ ‘ಫ್ಯೂಷನ್’ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟ. ಆದರೆ ಬೆಂಗಳೂರಿನ ಹವೆಯಲ್ಲಿ ದೇವತೆಗಳ ಹಸಿವು ಜಾಸ್ತಿ. ವರ್ಷಕ್ಕೆ ಶೇ. 10ರಿಂದ 12 ಹೋಗುತ್ತದೆ. ಹಾಗಾಗಿ ಅಲ್ಲಿ ನಾಲ್ಕೈದು ವರ್ಷಕ್ಕೇ ಮರ ತನ್ನ ಕೆಲಸ ಮುಗಿಸಿರುತ್ತದೆ. 8 ವರ್ಷ ಉಳಿಸಿಕೊಂಡ ಒಂದು ವಿಸ್ಕಿಗೆ ಅವರು ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವತೆಗಳು, ಎಂದು ಹೆಸರಿಟ್ಟರು. 25 ವರ್ಷ ಇಟ್ಟರೆ ನೂರಕ್ಕೆ ಏಳು ಲೀಟರೂ ಉಳಿಯುವುದು ಕಷ್ಟ. ಬಿಸಿಲಿನ ಊರಿನಲ್ಲಿ ಎಲ್ಲಕ್ಕೂ ಬೇಗ ವಯಸ್ಸಾಗುತ್ತದೆ. ಅಪ್ಪನ ಕೊನೆಯ ಫೋಟೋ ನೋಡಿದವರು ಅರವತ್ತು ದಾಟಿದ ಮುದುಕ ಎಂದುಕೊಳ್ಳುತ್ತಾರೆ.

ಆವತ್ತು ಉಗ್ರಾಣದ ಒಳಗೆ ನಾನು ಕುಡಿಯಲಿಲ್ಲ. ಆದರೆ ಆ ವಾಸನೆಯಲ್ಲಿ ನಿಂತುಕೊಳ್ಳಲು ಸಾಧ್ಯವಾಯಿತು. ಹಸಿ ಮಣ್ಣು, ಹಳೇ ಮರ, ಒಣಗಿದ ಹಣ್ಣು, ಇವುಗಳ ಹಿಂದೆ ಎಲ್ಲೋ ದೂರದಲ್ಲಿ ಆಲ್ಕೋಹಾಲು. ಹೊಟ್ಟೆ ಮುದುಡಲಿಲ್ಲ.

ಕುಡಿದದ್ದು ಆರು ತಿಂಗಳ ನಂತರ. ನನ್ನ ಸೀನಿಯರ್ ಒಬ್ಬನ ವೈವಾ ಮುಗಿದ ಸಂಜೆ ಮೇಡಂ ನಮ್ಮನ್ನು ಮನೆಗೆ ಕರೆದರು. ನಾಲ್ಕೇ ಜನ. ಹೊರಗೆ ಅಡ್ಡ ಮಳೆ. ಮೇಜಿನ ಮೇಲೆ ಗ್ಲೆನ್‌ಫಾರ್ಕ್ಲಾಸ್ 25. ಅಂಗಡಿಯ ಕಪಾಟಿನಲ್ಲಿ ಅದರ ಬೆಲೆ ನೋಡಿದ್ದೆ; ನನ್ನ ಒಂದು ತಿಂಗಳ ಊಟದ ಖರ್ಚು. ನನಗೆ ಬಲವಂತವಿಲ್ಲ, ಬರೀ ಮೂಸಿ ನೋಡಿದರೂ ಸಾಕು ಎಂದರು ಮೇಡಂ. ಅಪ್ಪನ ವಿಷಯ ಅವರಿಗೆ ಸ್ವಲ್ಪ ಗೊತ್ತಿತ್ತು.

ಗ್ಲೆನ್‌ಕೇರ್ನ್ ಎಂಬ ಗಾಜಿನ ಲೋಟ, ಕೆಳಗೆ ಉಬ್ಬಿ ಮೇಲೆ ಕಿರಿದಾದದ್ದು, ಬಾಳೆಯ ಮೋತೆಯ ಹಾಗೆ. ಆವಿ ಚದುರಿಹೋಗದೆ ಮೂಗಿಗೆ ಸಿಗಲಿ ಎಂದು ಆ ಆಕಾರ. ಎರಡು ಚಮಚದಷ್ಟೇ ಸುರಿದರು. ಬಣ್ಣ ಕಡು ಕಂದು. ಬಣ್ಣವನ್ನು ನಂಬಬಾರದು ಎಂಬುದು ಮೊದಲ ಪಾಠ. ಸ್ಕಾಚಿಗೂ ಕ್ಯಾರಮೆಲ್ ಬಣ್ಣ ಹಾಕಲು ಕಾನೂನಿನ ಅನುಮತಿ ಇದೆ, ಬಹಳ ಜನ ಹಾಕುತ್ತಾರೆ. ಈ ಮನೆಯವರು ಹಾಕುವುದಿಲ್ಲ. ಇದು ಶೆರಿ ಎಂಬ ಸ್ಪೇನಿನ ವೈನು ಕುಡಿದ ಪೀಪಾಯಿ ಕೊಟ್ಟ ಬಣ್ಣ. ಪೀಪಾಯಿ ತನ್ನೊಳಗೆ ಮೊದಲಿದ್ದದ್ದನ್ನು ಮರೆಯುವುದಿಲ್ಲ. ಕನ್ನಡದಲ್ಲಿ ವಾಸನೆ ಎಂಬ ಮಾತಿಗೆ ಪೂರ್ವಜನ್ಮದಿಂದ ಅಂಟಿಬಂದ ಸಂಸ್ಕಾರ ಎಂಬ ಅರ್ಥವೂ ಇದೆಯಲ್ಲ, ಅದು ಇಲ್ಲಿ ಅಕ್ಷರಶಃ ನಿಜ.

"ಈಗ ಮೂಗು" ಎಂದರು ಮೇಡಂ. "ಅವಸರ ಬೇಡ. ಲೋಟದೊಳಗೆ ಮೂಗು ತೂರಿಸಬೇಡಿ. ಬಾಯಿ ಸ್ವಲ್ಪ ತೆರೆದಿರಲಿ. 25 ವರ್ಷ ಅದು ಕಾದಿದೆ, ನೀವು ಇಪ್ಪತ್ತು ನಿಮಿಷ ಕಾಯಿರಿ."

ಅಪ್ಪ ಕುಡಿಯುವ ಮುನ್ನ ಮಾಡುತ್ತಿದ್ದದ್ದು ಆಗ ಕಣ್ಣಿಗೆ ಕಟ್ಟಿತು. ಎಡಗೈಯ ಎರಡು ಬೆರಳಲ್ಲಿ ಮೂಗು ಬಿಗಿಯಾಗಿ ಹಿಡಿಯುತ್ತಿದ್ದ. ಬಲಗೈಯ ಪ್ಲಾಸ್ಟಿಕ್ ಲೋಟ ಎತ್ತಿ ಒಂದೇ ಗುಟುಕಿಗೆ ಸುರಿದುಕೊಳ್ಳುತ್ತಿದ್ದ. ಮುಖ ಕಿವುಚಿ, ಮೈ ಒಮ್ಮೆ ನಡುಗಿಸಿ, ಉಪ್ಪಿನಕಾಯಿ ನೆಕ್ಕಿ, ಆಮೇಲೆ ಬೆರಳು ಬಿಡುತ್ತಿದ್ದ. ಅಷ್ಟು ವರ್ಷ ಕುಡಿದವನು ಒಂದು ದಿನವೂ ಅದನ್ನು ಮೂಸಿರಲಿಲ್ಲ. ಔಷಧಿ ಕುಡಿಯುವ ಮಗುವಿನ ಹಾಗೆ ಕುಡಿಯುತ್ತಿದ್ದ.

ನಾನು ಲೋಟ ಹತ್ತಿರ ತಂದೆ. ಮೊದಲು ಬಂದದ್ದು ಸಣ್ಣ ಘಾಟು. ಅದು ಬೇಗ ಕರಗಿತು. ಒಣದ್ರಾಕ್ಷಿ, ಖರ್ಜೂರ, ಹುಣಸೆಹಣ್ಣಿನ ಹುಳಿಸಿಹಿ. ಲವಂಗ, ಓಕ್ ಮರದಲ್ಲಿ ಯೂಜಿನಾಲ್ ಇರುತ್ತದೆ, ಲವಂಗದ ಜೀವವೂ ಅದೇ. ವೆನಿಲಾದ ತೆಳು ಎಳೆ; ಅದು ಲಿಗ್ನಿನ್ ವರ್ಷಾನುಗಟ್ಟಲೆ ನಿಧಾನವಾಗಿ ಮುರಿದು ಬಂದದ್ದು. ನಾನು ಪ್ರಯೋಗಾಲಯದಲ್ಲಿ ಒತ್ತಡ, ಶಾಖ, ವೇಗವರ್ಧಕ ಎಲ್ಲ ಹಾಕಿ ಗಂಟೆಗಳಲ್ಲಿ ಮಾಡಲು ಹೆಣಗುವ ಕೆಲಸವನ್ನು ಮರ ಕತ್ತಲಲ್ಲಿ ಕೂತು ಸದ್ದಿಲ್ಲದೆ ಮಾಡಿತ್ತು. ಹತ್ತು ನಿಮಿಷ ಕಳೆದಿರಬೇಕು, ಇನ್ನೊಂದು ವಾಸನೆ ಮೇಲೆ ಬಂತು. ಗಾಢ, ಬೆಚ್ಚಗೆ, ಅಂಚಿನಲ್ಲಿ ಸ್ವಲ್ಪ ಸುಟ್ಟ ಹಾಗೆ. ಗೊತ್ತು, ಆದರೆ ಹೆಸರು ಬರುತ್ತಿಲ್ಲ.

"ಕ್ರಿಸ್ಮಸ್ ಕೇಕ್" ಎಂದ ಸೀನಿಯರ್. "ನನ್ನಜ್ಜಿ ನವೆಂಬರಿನಲ್ಲೇ ಮಾಡಿ ಡಬ್ಬದಲ್ಲಿಡುತ್ತಿದ್ದಳಲ್ಲ, ಆ ಡಬ್ಬ." ಪುಸ್ತಕಗಳಲ್ಲೂ ಶೆರಿ ಪೀಪಾಯಿಯ ವಿಸ್ಕಿಗೆ ಇದೇ ಮಾತು ಬರೆದಿರುತ್ತಾರೆ. ನಾನು ಕ್ರಿಸ್ಮಸ್ ಕೇಕ್ ತಿಂದದ್ದು ಇಲ್ಲಿಗೆ ಬಂದ ಮೇಲೆ. ನನ್ನ ಮೂಗಿಗೆ ಆ ಡಬ್ಬ ಇಲ್ಲ. ಮೇಡಂ ನನ್ನ ಕಡೆ ತಿರುಗಿ, "ಅವನ ಅಜ್ಜಿ ಬೇಡ. ನಿನಗೆ ಯಾರ ಮನೆ ನೆನಪಾಗುತ್ತಿದೆ?" ಎಂದರು.

"ಆಲೆಮನೆ" ಎಂದೆ. ಕನ್ನಡದಲ್ಲೇ.

ಹೇಳಿದ ಕೂಡಲೇ ಎಲ್ಲ ಜಾಗಕ್ಕೆ ಬಂದು ಕೂತವು. ಬೆಳಗಿನ ಜಾವ, ಕೊಪ್ಪರಿಗೆಯ ಹಬೆ, ಒಲೆಗೆ ತಳ್ಳುವ ಒಣ ಸಿಪ್ಪೆಯ ಹೊಗೆ, ಬಿಸಿ ಬೆಲ್ಲವನ್ನು ಕಬ್ಬಿನ ಜಲ್ಲೆಯ ತುದಿಗೆ ಸುತ್ತಿ ಕೊಡುವ ದೊಡ್ಡಪ್ಪ. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ ಅಪ್ಪ. ಆ ಹೊತ್ತಿನಲ್ಲಿ ಅವನು ಕುಡಿದಿರುತ್ತಿರಲಿಲ್ಲ. ನನ್ನ ಪಾಲಿನ ಬೆಲ್ಲಕ್ಕೆ ಉಫ್ ಎಂದು ಊದಿ ಆರಿಸುತ್ತಿದ್ದ.

ಇದು ಬರೀ ಭಾವುಕತೆಯಲ್ಲ ಎಂದು ಹೇಳಲು ನನ್ನ ವಿದ್ಯೆ ಸಹಾಯಕ್ಕೆ ಬರುತ್ತದೆ. ಸೊಟೊಲಾನ್ ಎಂಬ ಒಂದು ಸಂಯುಕ್ತ ಇದೆ. ಮೆಂತ್ಯಕ್ಕೆ ಅದರ ವಾಸನೆ ಬರುವುದು ಇದರಿಂದ. ಹಳೆಯ ಶೆರಿಯಲ್ಲಿ ಇರುತ್ತದೆ, ಕಬ್ಬಿನ ಕಚ್ಚಾ ಸಕ್ಕರೆಯಲ್ಲೂ ಇರುತ್ತದೆ. ಬಹಳ ಸೂಕ್ಷ್ಮ ಪ್ರಮಾಣದಲ್ಲಿದ್ದರೂ ಮೂಗು ಹಿಡಿದುಬಿಡುತ್ತದೆ. ಸ್ಪೇನಿನ ಪೀಪಾಯಿಗೂ ಮಂಡ್ಯದ ಕೊಪ್ಪರಿಗೆಗೂ ನಡುವೆ ಒಂದು ಅಣುವಿನ ನೆಂಟಸ್ತಿಕೆ ಇದೆ. ಮೇಡಂಗೆ ಇದನ್ನು ಹೇಳಿದಾಗ ತಮ್ಮ ಪುಟ್ಟ ನೋಟ್‌ಬುಕ್ ತೆಗೆದು, ನನ್ನಿಂದ ಎರಡು ಸಲ ಹೇಳಿಸಿಕೊಂಡು, ಆಲೆಮನೆ ಎಂದು ಬರೆದುಕೊಂಡರು.

ಆಮೇಲೆ ಒಂದು ಸಣ್ಣ ಗುಟುಕು. ನುಂಗದೆ ನಾಲಿಗೆಯ ಮೇಲೆ ಇಟ್ಟುಕೊಂಡೆ. ಮೊದಲು ಸಿಹಿ, ನಂತರ ಮೆಣಸಿನ ಸಣ್ಣ ಕಾವು, ಕೊನೆಗೆ ಕೆನ್ನೆಯ ಒಳಬದಿಯಲ್ಲಿ ಒಗರು, ಅಡಿಕೆಯದ್ದೋ ಎಳೆ ಬಾಳೆಕಾಯಿಯದ್ದೋ ಇದ್ದ ಹಾಗೆ. ಅದು ಮರದ ಟ್ಯಾನಿನ್. ಒಗರು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ದಿನಬಳಕೆಯ ಚಿಕ್ಕ ಮಾತಿಲ್ಲ. ನಮ್ಮಲ್ಲಿ ಆರು ರಸಗಳಲ್ಲಿ ಅದಕ್ಕೊಂದು ಖಾಯಂ ಕುರ್ಚಿಯೇ ಇದೆ. ನುಂಗಿದ ಮೇಲೂ ಎಷ್ಟೋ ಹೊತ್ತು ರುಚಿ ಗಂಟಲಲ್ಲಿ ಓಡಾಡುತ್ತಿತ್ತು. ನಂತರ ಎರಡು ಹನಿ ನೀರು ಹಾಕಿಕೊಳ್ಳಲು ಹೇಳಿದರು. ನೀರು ಹಾಕಿದರೆ ಜಾತಿ ಕೆಡುತ್ತದೆ ಎನ್ನುವವರಿದ್ದಾರೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಮಾದರಿಗಳ ಮೂಲಕ ಇದನ್ನು ನೋಡಿದರು. ವಿಸ್ಕಿಯ ಹೊಗೆ ರುಚಿಗೆ ಕಾರಣವಾದ ಗ್ವಾಯಕಾಲ್ ಎಂಬ ಅಣು ಆಲ್ಕೋಹಾಲು ಹೆಚ್ಚಿದ್ದಾಗ ಅದರ ನಡುವೆ ಅಡಗಿರುತ್ತದೆ, ನೀರು ಸೇರಿ ಆಲ್ಕೋಹಾಲಿನ ಪ್ರಮಾಣ ತಗ್ಗಿದರೆ ಮೇಲ್ಮೈಗೆ ಬರುತ್ತದೆ. ಗದ್ದಲ ಕಡಿಮೆಯಾದ ಮೇಲೆ ಸಂಕೋಚದವರು ಮಾತಾಡುವ ಹಾಗೆ.

ಆ ಎರಡು ಚಮಚ ಮುಗಿಯಲು ಒಂದು ಗಂಟೆ ಹಿಡಿಯಿತು. ನನಗೆ ಇಷ್ಟವಾಯಿತು. ಇಷ್ಟವಾದದ್ದನ್ನು ಇಷ್ಟವಾಯಿತು ಎಂದೇ ಬರೆಯಬೇಕು.

ಆದರೆ ಮಳೆಯಲ್ಲಿ ನಡೆದು ರೂಮಿಗೆ ಬರುವಾಗ ತಲೆಯೊಳಗೆ ಜಗಳ ಶುರುವಾಗಿತ್ತು. ಎರಡೂ ಒಂದೇ ಎಥನಾಲ್. ನನ್ನದು ಆಸ್ವಾದನೆ, ಅಪ್ಪನದು ಕುಡಿತ. ನಾನು ಸಂಸ್ಕಾರವಂತೆ, ಅವನು ಕುಡುಕ. ಈ ವ್ಯತ್ಯಾಸ ಮಾಡಿದ್ದು ನಾಲಿಗೆಯೋ, ದುಡ್ಡೋ? ಇಲ್ಲಿಯೂ ಇದೇ ಕಥೆ. ಬಾಟಲಿಯ ಚಿತ್ರಗಳಲ್ಲಿ ಕಾಣುವ ಸ್ಕಾಟ್ಲೆಂಡ್ ಬೆಟ್ಟ, ಮಂಜು, ಜಿಂಕೆ. ನನ್ನ ಬೀದಿಯ ಸ್ಕಾಟ್ಲೆಂಡಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆಯುವುದನ್ನೇ ಕಾಯುವ ಜನ ಇದ್ದಾರೆ. 2023ರಲ್ಲಿ ಈ ಪುಟ್ಟ ದೇಶದಲ್ಲಿ ಆಲ್ಕೋಹಾಲಿನಿಂದಲೇ 1,277 ಜನ ಸತ್ತರು. ಸರ್ಕಾರ 2018ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ಕಟ್ಟಿತು, ಒಂದು ಯೂನಿಟ್ ಆಲ್ಕೋಹಾಲಿಗೆ 50 ಪೆನ್ಸ್. 2024ರಲ್ಲಿ 65ಕ್ಕೆ ಏರಿಸಿತು. ಅಗ್ಗದ ಮದ್ಯ ತುಟ್ಟಿಯಾಯಿತು. 25 ವರ್ಷದ ಗ್ಲೆನ್‌ಫಾರ್ಕ್ಲಾಸಿಗೆ ಆ ಕಾನೂನು ತಗಲುವುದೇ ಇಲ್ಲ, ಅದು ಎಂದೋ ಆ ಗೆರೆಯ ಮೇಲೆ ತೇಲುತ್ತಿದೆ. ಅಗ್ಗ ಇಲ್ಲದಂತೆ ಮಾಡುವುದರಿಂದ ಜೀವಗಳು ಉಳಿಯಬಹುದು, ನಾನು ಅದರ ವಿರೋಧಿಯಲ್ಲ. ಆದರೆ ಕುಡಿತದ ಕಾನೂನುಗಳು ಎಲ್ಲ ದೇಶದಲ್ಲೂ ಮೊದಲು ತಟ್ಟುವುದು ಒಂದೇ ಬಾಗಿಲನ್ನು ಎಂಬುದನ್ನು ಎರಡು ಊರುಗಳಲ್ಲಿ ನೋಡಿದ್ದೇನೆ.

ಇನ್ನೊಂದು ವ್ಯತ್ಯಾಸ ದುಡ್ಡಿಗಿಂತ ಆಳದ್ದು ಅನ್ನಿಸುತ್ತದೆ. ಅದು ಸಮಯ. ಪೀಪಾಯಿ ತುಂಬಿ ಉಗ್ರಾಣದಲ್ಲಿಟ್ಟು, ನಲವತ್ತು ಭಾಗ ಗಾಳಿಗೆ ಹೋದರೂ ಹೋಗಲಿ ಎಂದು ಕಾಲು ಶತಮಾನ ಕಾಯಬಲ್ಲವರು ಆರು ತಲೆಮಾರು ಕಾಲೂರಿ ನಿಂತವರು. ಕಬ್ಬಿನ ದುಡ್ಡು ಬಂದ ದಿನವೇ ಸಾಲಗಾರನ ಕೈಸೇರುವ ಮನೆಯಲ್ಲಿ ಯಾವುದಕ್ಕೆ ಕಾಯುವುದು? ಅಪ್ಪನ ಸ್ಪಿರಿಟ್ಟಿಗೂ ವಯಸ್ಸಿರಲಿಲ್ಲ, ಅಪ್ಪನಿಗೂ ಪುರಸೊತ್ತಿರಲಿಲ್ಲ. ರುಚಿ ನೋಡುವುದಕ್ಕೆ ಬೇಕಾದ ಇಪ್ಪತ್ತು ನಿಮಿಷದ ನೆಮ್ಮದಿ ನನಗೆ ಸಿಕ್ಕಿದ್ದು ಸ್ಕಾಲರ್‌ಶಿಪ್ಪಿನಿಂದ, ಆ ಸ್ಕಾಲರ್‌ಶಿಪ್ಪಿನ ಬುಡದಲ್ಲಿರುವುದು ಅವ್ವ ಕೂಲಿ ಮಾಡಿ ಕಟ್ಟಿದ ಹಾಸ್ಟೆಲ್ ಫೀಸು. ಅಪ್ಪನನ್ನು ಇದರಿಂದ ಕ್ಷಮಿಸಿಬಿಟ್ಟೆ ಎಂದಲ್ಲ. ಅವ್ವನ ಮೈಮೇಲಿನ ಕಲೆಗಳು ಯಾವ ಸಿದ್ಧಾಂತಕ್ಕೂ ಅಳಿಸುವುದಿಲ್ಲ.

ಅವ್ವನಿಗೆ ಹೇಳದೆ ಇರಲಾಗಲಿಲ್ಲ. ಭಾನುವಾರ ಫೋನಿನಲ್ಲಿ, ಉಂಡ್ಯಾ, ಚಳಿ ಹೆಂಗದೆ ಎಲ್ಲ ಮುಗಿದ ಮೇಲೆ, "ಅವ್ವಾ, ನಾನು ವಿಸ್ಕಿ ಕುಡಿದೆ" ಎಂದೆ. ಆ ಕಡೆ ಏನೂ ಸದ್ದಿಲ್ಲ. ಹಿಂದೆ ಹಸು ಕೂಗಿದ್ದು ಮಾತ್ರ ಕೇಳಿಸಿತು.

"ಎಷ್ಟು?" ಎಂದಳು.

"ಎರಡು ಚಮಚ."

"ಚಮಚದಲ್ಲಾ? ಟಾನಿಕ್ಕಾ ಅದು?" ಎಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪ ಕುಡೀತಿದ್ನಲ್ಲ, ಅದ್ರಂಗೇ ನಾರ್ತದಾ?" ಎಂದಳು.

"ಇಲ್ಲ ಕಣವ್ವ. ದೊಡ್ಡಪ್ಪನ ಆಲೆಮನೆ ವಾಸ್ನೆ ಬತ್ತದೆ."

"ಆಲೆಮನೆ ವಾಸ್ನೆ ಬೇಕೂಂದ್ರೆ ಊರಿಗ್ ಬಾ. ಅದ್ಕೆ ಯಾಕೆ ಅಷ್ಟ್ ದುಡ್ ಸುರೀಬೇಕು?" ಅವಳ ದನಿಯಲ್ಲಿ ಸಿಟ್ಟಿತ್ತು, ಆದರೆ ನಾನು ಹೆದರಿದ್ದ ಸಿಟ್ಟು ಅದಲ್ಲ. ಇಪ್ಪತ್ತು ನಿಮಿಷ ಮೂಸುತ್ತ ಕೂತಿದ್ದೆವು ಎಂದು ಹೇಳಿದಾಗ ನಕ್ಕಳು. ನಗು ನಿಂತ ಮೇಲೆ ನಿಧಾನವಾಗಿ ಹೇಳಿದಳು. "ನಿಮ್ಮಪ್ಪ ಮೂಗ್ ಹಿಡ್ಕಂಡು ಕುಡೀತಿದ್ದ. ಅವ್ನಿಗೂ ಅದು ಸೇರ್ತಿರ್ಲಿಲ್ಲ ಕಣವ್ವ. ನಾನೊಂದ್ ದಿನ ಕೇಳಿದ್ದೆ, ಸೇರ್ದೇ ಇರೋದನ್ನ ಯಾಕ್ ಕುಡೀತೀಯ ಅಂತ. ಮಾತಾಡ್ಲಿಲ್ಲ."

ನಾನೂ ಮಾತಾಡಲಿಲ್ಲ.

"ಬರೋವಾಗ ಒಂಚೂರು ತತ್ತಾ" ಎಂದಳು ಅವ್ವ. "ಕುಡಿಯಾಕಲ್ಲ. ನೋಡ್ತೀನಿ, ಅದೆಂಗೆ ಆಲೆಮನೆ ವಾಸ್ನೆ ಬತ್ತದೋ ಅಂತ."

ಅದೇ ಡಿಸ್ಟಿಲರಿಯ 5 ಸೆಂಟಿಲೀಟರಿನ ಪುಟ್ಟ ಬಾಟಲಿ ಸಿಗುತ್ತದೆ, ಬೆರಳುದ್ದದ್ದು. ಒಂದನ್ನು ಕೊಂಡು ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಸಂಕ್ರಾಂತಿಗೆ ಊರಿಗೆ ಹೋಗಬೇಕು. ಆ ಹೊತ್ತಿಗೆ ದೊಡ್ಡಪ್ಪನ ಆಲೆಮನೆಯೂ ನಡೆಯುತ್ತಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಅವ್ವನೇ ತೀರ್ಮಾನ ಮಾಡಲಿ.